ಓದುಗರ ಗ್ಯಾರೇಜು: ಆರು ಸಿಲಿಂಡರಿನ ಡಾಜ್‌ಗೆ ದೊಡ್ಡ ಕಾರ್ಬುರೇಟರ್

ಪ್ರಶ್ನೆ: ಮನೆಯಲ್ಲಿ 1951ರ ಡಾಜ್ ಕಿಂಗ್ಸ್‌ವೇ ಇದೆ. ಆರು ಸಿಲಿಂಡರಿನ ಸೈಡ್ ವಾಲ್ವ್ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಒಂದೇ ಬಾಯಿಯ ಕಾರ್ಟರ್. ಮುಳ್ಳೇರಿಯ ಕಡೆ ಏರು ಬಂದರೆ ಟಾಪ್ ಗೇರಿನಲ್ಲಿ ಎಳೆಯುವುದಿಲ್ಲ. ಎರಡು ಬಾಯಿಯ (32 ಮತ್ತು 36 ಮಿ.ಮೀ.) ವೆಬರ್ 32/36 ಹಾಕಿದರೆ ಪವರ್ ಸಿಗುತ್ತದೆಯೇ?
— ಬದಿಯಡ್ಕ, ಕಾಸರಗೋಡು

ಉತ್ತರ: ಸಿಗುತ್ತದೆ, ಆದರೆ ನಿಮಗೆ ಬೇಕಾದ ಕಡೆ ಅಲ್ಲ. ಲೆಕ್ಕ ನೋಡಿ. ನಿಮ್ಮ ಎಂಜಿನ್ 3569 ಸಿಸಿ. ಎರಡು ಸುತ್ತಿಗೊಮ್ಮೆ ಅಷ್ಟು ಗಾಳಿ ಎಳೆಯುತ್ತದೆ. 3600 ಆರ್‌ಪಿಎಂನಲ್ಲಿ ಮುಕ್ಕಾಲು ಭಾಗ ತುಂಬಿಕೊಂಡರೂ ನಿಮಿಷಕ್ಕೆ 4.8 ಘನ ಮೀಟರ್ ಗಾಳಿ ಬೇಕು. ಅಲ್ಲಿ ಹಳೆ ಕಾರ್ಟರ್ ನಿಜಕ್ಕೂ ಉಸಿರುಗಟ್ಟುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲಿರುವಾಗ ಎಂಜಿನ್ ತಿರುಗುವುದು 1500ರ ಆಸುಪಾಸಿನಲ್ಲಿ, ಆಗ ಬೇಕಾದ ಗಾಳಿ 2 ಘನ ಮೀಟರ್ ಅಷ್ಟೆ. ಅದನ್ನು ಕಾರ್ಟರ್ ಸಲೀಸಾಗಿ ಕೊಡುತ್ತದೆ. ಹಾಗಿದ್ದೂ ಎಳೆಯುವುದಿಲ್ಲವೆಂದರೆ ದೋಷ ಬೇರೆ ಕಡೆ ಇದೆ.

ಮೊದಲು ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಆಫ್ ಇರುವಾಗ ಎಕ್ಸಲರೇಟರನ್ನು ಪೂರ್ತಿ ಒತ್ತಿಸಿ, ನೀವು ಟಾರ್ಚ್ ಹಿಡಿದು ಕಾರ್ಬುರೇಟರಿನ ಬಾಯೊಳಗೆ ನೋಡಿ. ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಗಡು ನೆಟ್ಟಗೆ ನಿಲ್ಲಬೇಕು. ಸವೆದ ಲಿಂಕೇಜಿನಿಂದ ಅದು ಮುಕ್ಕಾಲಿಗೇ ನಿಂತು, ಮಾಲೀಕರು ಹೊಸ ಕಾರ್ಬುರೇಟರ್ ಹುಡುಕುತ್ತಾ ಕೂರುವುದು ಅಪರೂಪವಲ್ಲ. ಆಮೇಲೆ ಎಕ್ಸಾಸ್ಟ್ ಮೆನಿಫೋಲ್ಡಿನಲ್ಲಿರುವ (ಸಿಲಿಂಡರುಗಳ ಹೊಗೆ ಕೂಡುವ ಕೊಳವೆ) ಹೀಟ್ ಕಂಟ್ರೋಲ್ ವಾಲ್ವ್ ನೋಡಿ. ಹೊರಗೆ ಭಾರದ ತುಂಡು, ಸುರುಳಿ ಸ್ಪ್ರಿಂಗ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಕೈಯಲ್ಲಿ ತಿರುಗಿಸಿ. ಕರಾವಳಿಯ ಉಪ್ಪು ಗಾಳಿಗೆ ಇದು ತುಕ್ಕು ಹಿಡಿದು ಮುಚ್ಚಿಕೊಂಡೇ ಉಳಿದರೆ, ಬಿಸಿ ಹೊಗೆ ಇನ್‌ಟೇಕಿನ ತಳವನ್ನು ಸದಾ ಕಾಯಿಸುತ್ತದೆ, ಒಳಗೆ ಹೋಗುವ ಮಿಶ್ರಣ ಹಿಗ್ಗಿ ಎಳೆತ ಕುಸಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು ಮೆಲ್ಲಗೆ ಅಲುಗಿಸಿ. ಸುತ್ತಿಗೆ ಬೇಡ, ಶಾಫ್ಟ್ ಮುರಿದರೆ ಮೆನಿಫೋಲ್ಡನ್ನೇ ಕಳಚಬೇಕಾಗುತ್ತದೆ.

ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಎತ್ತುವ ಟ್ಯಾಪೆಟಿಗೂ ನಡುವಿನ ಅಂತರ) ಎಂಜಿನ್ ಬಿಸಿ ಇರುವಾಗ ಇನ್‌ಟೇಕಿಗೆ 0.20, ಎಕ್ಸಾಸ್ಟಿಗೆ 0.25 ಮಿ.ಮೀ.; ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.50. ಸ್ಲೋ ರನ್ನಿಂಗಿನಲ್ಲಿ (ಎಕ್ಸಲರೇಟರ್ ಒತ್ತದೆ ಓಡುವಾಗ) ಇನ್‌ಟೇಕಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜಿನ ಮುಳ್ಳು 17ರಿಂದ 21 ಅಂಗುಲ ಪಾದರಸದ ನಡುವೆ ಅಲ್ಲಾಡದೆ ನಿಲ್ಲಬೇಕು. ತಾಳಕ್ಕೆ ಸರಿಯಾಗಿ ಪದೇ ಪದೇ ಇಳಿದರೆ ಒಂದು ವಾಲ್ವ್ ಕುಳಿತುಕೊಳ್ಳುತ್ತಿಲ್ಲ ಎಂದರ್ಥ, ಅದಕ್ಕೆ ವೆಬರ್ ಮದ್ದಲ್ಲ.

ಇಷ್ಟಾದ ಮೇಲೂ ಹೈವೇಯ ಓಟಕ್ಕೆ ವೆಬರ್ ಬೇಕೆನಿಸಿದರೆ ಕೈಯಿಂದ ಎಳೆಯುವ ಚೋಕಿನ ಡಿಜಿವಿ ಮಾದರಿಯನ್ನೇ ತನ್ನಿ. ಡಿಜಿಇವಿಯ ಚೋಕ್ (ಎಂಜಿನ್ ತಣ್ಣಗಿರುವಾಗ ಗಾಳಿ ತಡೆಯುವ ತಗಡು) 12 ವೋಲ್ಟಿನ ಕರೆಂಟಿನದು, ನಿಮ್ಮ ಕಾರು 6 ವೋಲ್ಟ್. ಆ ಚೋಕ್ ಪೂರ್ತಿ ಬಿಸಿಯಾಗದೆ ಅರ್ಧ ಮುಚ್ಚಿಕೊಂಡೇ ಉಳಿದು ಪ್ಲಗ್‌ಗಳೆಲ್ಲ ಕಪ್ಪಾಗುತ್ತವೆ. ಡಿಜಿವಿಗೆ ಹಳೆ ಚೋಕ್ ಕೇಬಲನ್ನೇ ಜೋಡಿಸಬಹುದು.

ಇನ್‌ಟೇಕ್ ಮೆನಿಫೋಲ್ಡಿಗೆ ಕೂರಿಸಲು ಲೇತಿನವರಿಂದ 12 ಮಿ.ಮೀ. ಅಲ್ಯೂಮಿನಿಯಂ ಅಡಾಪ್ಟರ್ ಪ್ಲೇಟ್ ಮಾಡಿಸಿ. ಎರಡು ತೂತು ಕೆಳಗಿನ ಒಂದೇ ಬಾಯಿಗೆ ಇಳಿಜಾರಾಗಿ ಸೇರಬೇಕು. ಅಂಚು ಮೆಟ್ಟಿಲಿನಂತೆ ಉಳಿದರೆ ಪೆಟ್ರೋಲ್ ಅಲ್ಲಿ ಹನಿಗಟ್ಟಿ ಕೆಲವು ಸಿಲಿಂಡರಿಗೆ ಜಾಸ್ತಿ, ಕೆಲವಕ್ಕೆ ಕಡಿಮೆ. ಇನ್ನೊಂದು ಮಾತು ಹೆಚ್ಚಿನವರು ಮರೆಯುತ್ತಾರೆ. ಎರಡು ಬಾಯಿಯನ್ನು ಎಂಜಿನ್ನಿನ ಉದ್ದಕ್ಕೆ ಇಡಬೇಡಿ, ಅಡ್ಡಕ್ಕೆ ಇಡಿ. ಮೊದಲು ತೆರೆಯುವುದು 32ರ ಬಾಯಿ ಮಾತ್ರ. ಅದು ಒಂದನೇ ಸಿಲಿಂಡರಿನ ಕಡೆಗಿದ್ದರೆ ಆರನೆಯದು ಹಸಿದಿರುತ್ತದೆ.

ದೊಡ್ಡ ತಲೆನೋವು ಪೆಟ್ರೋಲ್ ಪಂಪು. ಡಾಜಿನ ಪಂಪ್ ಒತ್ತಡ 3.5ರಿಂದ 5 ಪಿಎಸ್‌ಐ. ವೆಬರಿನ ನೀಡಲ್ ವಾಲ್ವ್ 3ರ ಮೇಲೆ ಹೋದರೆ ತಡೆಯುವುದಿಲ್ಲ; ಬೌಲ್ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು) ತುಂಬಿ ಚೆಲ್ಲುತ್ತದೆ, ಕೆಳಗಿರುವುದು ಕೆಂಡದಂಥ ಎಕ್ಸಾಸ್ಟ್. ರೆಗ್ಯುಲೇಟರ್ ಹಾಕಿ 2.5ಕ್ಕೆ ಇಳಿಸದೆ ಸ್ಟಾರ್ಟ್ ಮಾಡಲೇಬೇಡಿ.

ಜೆಟ್ಟಿನ (ಪೆಟ್ರೋಲ್ ಅಳತೆಯಾಗಿ ಹಾಯುವ ಸಣ್ಣ ತೂತು) ನಂಬರು ಮಿಲಿಮೀಟರಿನ ನೂರನೇ ಭಾಗ: 140 ಎಂದರೆ 1.40 ಮಿ.ಮೀ. ಈಗಿನ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಭಾಗ ಎಥನಾಲ್ ಇರುವುದರಿಂದ ಅದೇ ಗಾಳಿಗೆ ಸುಮಾರು 8 ಶೇಕಡಾ ಹೆಚ್ಚು ಇಂಧನ ಬೇಕು. ತೂತಿನ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುವ ಕಾರಣ ವ್ಯಾಸ 4 ಶೇಕಡಾ ಹಿಗ್ಗಿದರೆ ಸಾಕು, 135 ಇದ್ದಲ್ಲಿ 140. ದೊಡ್ಡ ಏರಿನಲ್ಲಿ ಪೂರ್ತಿ ಒತ್ತಿ ಓಡಿಸಿ, ಇಗ್ನಿಷನ್ ಕತ್ತರಿಸಿ ಕ್ಲಚ್ ಒತ್ತಿ ನಿಲ್ಲಿಸಿ ಪ್ಲಗ್ ಬಿಚ್ಚಿ. ಬೆಳ್ಳಗಿದ್ದರೆ ಜೆಟ್ ಸಣ್ಣದು. ಮಸಿ ಹಿಡಿದಿದ್ದರೆ ದೊಡ್ಡದು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪನ್ನು ಥ್ರಾಟಲ್ ತಗಡಿನ ಮೇಲ್ಭಾಗದ ತೂತಿಗೇ ಕೊಡಿ. ಕೆಳಗಿನದಕ್ಕೆ ಕೊಟ್ಟರೆ ಸ್ಲೋ ರನ್ನಿಂಗಿನಲ್ಲೇ ಅಡ್ವಾನ್ಸ್ (ಕಿಡಿ ಮುಂಚೆ ಹಾರುವುದು) ಪೂರ್ತಿ ಬಂದುಬಿಡುತ್ತದೆ.

ಹಳೆ ಕಾರ್ಟರ್, ಲಿಂಕೇಜ್, ಏರ್ ಕ್ಲೀನರ್ ಯಾವುದನ್ನೂ ಗುಜರಿಗೆ ಹಾಕಬೇಡಿ. 2021ರ ವಿಂಟೇಜ್ ನೋಂದಣಿ ನಿಯಮ ಕೇಳುವುದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಯನ್ನು.

ಪ್ರಶ್ನೆ: ಅದೇ ತರಹದ ಎಂಜಿನ್ನಿಗೆ ಅಂಬಾಸಿಡರಿನ ಕಾರ್ಬುರೇಟರ್ ಕೂರಿಸಬಹುದು ಅಂತಾರೆ, ನಿಜವೇ?
— ಅಕ್ಕಲಕೋಟೆ

ಉತ್ತರ: ಕೂರಿಸಬಹುದು, ಓಡಿಸಲಾಗದು. ಅದು 1489 ಸಿಸಿಗೆ ಅಳೆದದ್ದು. ಅಷ್ಟೇ ಆರ್‌ಪಿಎಂಗೆ ನಿಮ್ಮ ಎಂಜಿನ್ ಅದರ 2.4 ಪಟ್ಟು ಗಾಳಿ ಕೇಳುತ್ತದೆ.

ಪ್ರಶ್ನೆ: ಕಾಸರಗೋಡಿನಲ್ಲಿ ಚೆನ್ನಾಗಿ ಓಡುತ್ತಿದ್ದ ಕಾರನ್ನು ಇಲ್ಲಿಗೆ ತಂದ ಮೇಲೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ. ಜೆಟ್ ಬದಲಾಯಿಸಿಲ್ಲ.
— ಹೊಸೂರು

ಉತ್ತರ: ಬದಲಾಯಿಸದ್ದೇ ಕಾರಣ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಗಾಳಿ ತೆಳು, ಜೆಟ್ ಮಾತ್ರ ಕರಾವಳಿಯದು. ಮೇನ್ ಜೆಟ್ ಒಂದು ಸೈಜು ಇಳಿಸಿ, ಸ್ಲೋ ರನ್ನಿಂಗ್ ಸ್ಕ್ರೂ ಮತ್ತೆ ಹೊಂದಿಸಿ. ಗಾಳಿ ತೆಳುವಾಗಿ ಕಳೆದ ಪವರ್ ಮಾತ್ರ ವಾಪಸ್ ಬರುವುದಿಲ್ಲ.

ಪ್ರಶ್ನೆ: ಬೇಸಿಗೆ ಮಧ್ಯಾಹ್ನ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಅಭ್ಯಾಸ ಇದೆ.
— ಸೊಲ್ಲಾಪುರ

ಉತ್ತರ: ಬಟ್ಟೆ ಒಣಗುವವರೆಗೆ ಆ ಉಪಾಯ ನಡೆಯುತ್ತದೆ. ಸೈಡ್ ವಾಲ್ವ್ ಎಂಜಿನ್ನಿನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕ. ನಿಲ್ಲಿಸಿದ ಕೂಡಲೇ ಆ ಕಾವು ಮೇಲೇರಿ ಬೌಲಿನ ಪೆಟ್ರೋಲ್ ಕುದಿದು ಮೆನಿಫೋಲ್ಡಿಗೆ ಸುರಿಯುತ್ತದೆ. ಕಾರ್ಬುರೇಟರಿನ ಕೆಳಗೆ 8 ಮಿ.ಮೀ. ಬೇಕಲೈಟ್ ಸ್ಪೇಸರ್, ಎಕ್ಸಾಸ್ಟಿನ ಮೇಲೆ ತಗಡಿನ ಮರೆ ಕೊಡಿ, ಪೆಟ್ರೋಲ್ ಪೈಪನ್ನು ಬಿಸಿ ಮೆನಿಫೋಲ್ಡಿನಿಂದ ದೂರ ಸುತ್ತಿಸಿ. ಸದ್ಯಕ್ಕೆ ಎಕ್ಸಲರೇಟರನ್ನು ಪಂಪ್ ಮಾಡದೆ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ಹೊಡೆಯಿರಿ, ಒಳಗೆ ಕೂಡಿದ ಪೆಟ್ರೋಲ್ ಹೊರಹೋಗುತ್ತದೆ.

ಪ್ರಶ್ನೆ: ಮಳೆಗಾಲ ಮೂರು ತಿಂಗಳು ಶೆಡ್ಡಿನಲ್ಲಿ ಬಿಟ್ಟೆ, ಈಗ ಸ್ಟಾರ್ಟ್ ಆಗಿ ಕೂಡಲೇ ನಿಲ್ಲುತ್ತದೆ.
— ಮಂಜೇಶ್ವರ

ಉತ್ತರ: ಬೌಲಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಇಡಿ. ಎರಡು ಪದರ ಕಂಡರೆ ಎಥನಾಲ್ ನೀರು ಹೀರಿ ತಳಕ್ಕಿಳಿದಿದೆ. ಟ್ಯಾಂಕೂ ಹಾಗೆಯೇ ಇರುತ್ತದೆ, ಪೂರ್ತಿ ಖಾಲಿ ಮಾಡಿ. ಎಕ್ಸಲರೇಟರ್ ಪಂಪಿನ ಚರ್ಮದ ವಾಷರನ್ನೂ ನೋಡಿ. ಗಟ್ಟಿಯಾಗಿದ್ದರೆ ಬದಲಿಸಿ. ಮುಂದಿನ ಮಳೆಗಾಲಕ್ಕೆ ಟ್ಯಾಂಕನ್ನು ಖಾಲಿ ಬಿಡಬೇಡಿ, ಕತ್ತಿನವರೆಗೆ ತುಂಬಿಸಿಡಿ. ಒದ್ದೆ ಗಾಳಿಗೆ ಒಳಗೆ ಜಾಗವಿರಬಾರದು.