ದವಡೆ ಟಕ್ ಅಂದರೆ ಸೊಂಟಕ್ಕೂ ಅದೇ ಕಾರಣವಾ?

ದವಡೆ ಟಕ್ ಅನ್ನುತ್ತೆ, ಕುತ್ತಿಗೆ, ಸೊಂಟ ಎರಡೂ ನೋವು, ಹಲ್ಲು ತೇಯಿಸಿ ಕಚ್ಚುವ ರೀತಿ ಸರಿ ಮಾಡಿಸಿದರೆ ಎಲ್ಲ ಹೋಗುತ್ತಾ ಅಂತ ಕೇಳಿದ್ದೀರಿ. ಆತುರ ಬೇಡ. ತೇಯ್ದ ಹಲ್ಲು ವಾಪಸ್ ಬರುವುದಿಲ್ಲ.

ಕುತ್ತಿಗೆಗೂ ದವಡೆಗೂ ನಂಟಿರುವುದು ನಿಜ. ಎರಡರ ನೋವಿನ ನರಗಳೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ, ಹಾಗಾಗಿ ಒಂದರ ನೋವು ಇನ್ನೊಂದರಲ್ಲಿ ಕಾಣಿಸಬಹುದು. ಈಗಲೇ ತಲೆ ಮುಂದೆ ಚಾಚಿ ಹಲ್ಲು ಮೆಲ್ಲಗೆ ತಾಗಿಸಿ, ಆಮೇಲೆ ಗದ್ದ ಒಳಗೆಳೆದು ತಾಗಿಸಿ ನೋಡಿ, ತಾಗುವ ಜಾಗ ಸ್ವಲ್ಪ ಬದಲಾಗುತ್ತೆ ಅಲ್ವಾ? ಆದರೆ ಈ ನಂಟನ್ನೇ ಸೊಂಟ, ಪಾದದವರೆಗೆ ಎಳೆಯುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ನೋವಿಲ್ಲದ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಸುಮ್ನೆ ಕೂತಾಗ ತುಟಿ ಮುಚ್ಚಿರಲಿ, ಮೇಲಿನ, ಕೆಳಗಿನ ಹಲ್ಲು ಒಂದಕ್ಕೊಂದು ತಾಗದಿರಲಿ (ನಾನಂತೂ ಇದನ್ನು ದಿನಕ್ಕೆ ಹತ್ತು ಸಲ ಮರೆಯುತ್ತೇನೆ). ಬಾಯಿ ತೆರೆಯುವಾಗ ಸಿಕ್ಕಿಕೊಂಡರೆ ಮಾತ್ರ ತಡ ಮಾಡದೆ ತೋರಿಸಿ.