ನೀವು ಕೇಳಿದ್ದೀರಿ: ಕವನ ಸ್ಪರ್ಧೆಯ ಕಷ್ಟಗಳು

ಪ್ರಶ್ನೆ: ನಮ್ಮ ಪಿಯು ಕಾಲೇಜಿನಲ್ಲಿ ರಾಜ್ಯೋತ್ಸವಕ್ಕೆ ಕವನ ಸ್ಪರ್ಧೆ ಇಡುತ್ತೇವೆ. ಹೋದ ಸಲ ಫಲಿತಾಂಶದ ಬಗ್ಗೆ ಗೊಣಗಾಟ ಎದ್ದಿತು. ಏನು ಮಾಡೋಣ?

ಉತ್ತರ: ಮೊದಲು ಹೆಸರು ಮರೆಮಾಡಿ. ಕವನದ ಹಾಳೆಯಲ್ಲಿ ಸಂಖ್ಯೆ ಮಾತ್ರ. ಹೆಸರು, ತರಗತಿ ಮುಚ್ಚಿದ ಲಕೋಟೆಯಲ್ಲಿ. ಕೈಬರಹ ಗುರುತು ಹಿಡಿಯುವ ಮೇಷ್ಟ್ರು ಇದ್ದೇ ಇರುತ್ತಾರೆ, ಹಾಗಾಗಿ ಎಲ್ಲವನ್ನೂ ಟೈಪ್ ಮಾಡಿಸಿ. ಆದರೆ ಸಾಲು ಮುರಿದ ಜಾಗ ಬದಲಾಗಬಾರದು. ಮೂವರು ತೀರ್ಪುಗಾರರು ಬೇರೆ ಬೇರೆಯಾಗಿಯೇ ಅಂಕ ಕೊಡಲಿ. ಒಟ್ಟಿಗೆ ಕೂತರೆ ಹಿರಿಯರ ಮಾತೇ ಫಲಿತಾಂಶ. ವಿಷಯ 'ಕನ್ನಡಾಂಬೆ' ಎಂದರೆ ಮುಕ್ಕಾಲು ಪಾಲು ಕವನಗಳಲ್ಲಿ 'ನುಡಿ', 'ಗುಡಿ', 'ಮುಡಿ' ಸಾಲುಗಟ್ಟುತ್ತವೆ, ಆಮೇಲೆ ಯಾವುದನ್ನು ಆರಿಸುವುದು? 'ಬಸ್ ನಿಲ್ದಾಣ, ಸಂಜೆ 6 ಗಂಟೆ' ಎಂದು ಕೊಟ್ಟು ನೋಡಿ. ಬಹುಮಾನ ಬಾರದವರ ಹಾಳೆಯಲ್ಲೂ ಒಳ್ಳೆಯ ಒಂದು ಸಾಲಿಗೆ ಗೆರೆ ಎಳೆದು ಹಿಂದಿರುಗಿಸಿ.

ಪ್ರಶ್ನೆ: ಸ್ಪರ್ಧೆಗೆ ಭಾಮಿನಿ ಷಟ್ಪದಿ ಬರೆಯುವ ಆಸೆ. ಮಾತ್ರೆ ತಪ್ಪುತ್ತಿದೆ.

ಉತ್ತರ: ಭಾಮಿನಿ ಷಟ್ಪದಿ ಆರು ಸಾಲಿನ ಪದ್ಯ. ಮಾತ್ರೆ ಎಂದರೆ ಅಕ್ಷರ ಉಚ್ಚರಿಸುವ ಕಾಲದ ಅಳತೆ: ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು, ಮಾತ್ರೆಗಳ ಗುಂಪು ಗಣ. 1, 2, 4, 5ನೇ ಸಾಲಿಗೆ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3+4+3+4+3+4, ಮೇಲೊಂದು ಗುರು, ಒಟ್ಟು 23. ಆ ಕೊನೆಯ ಅಕ್ಷರ ಲಘುವಾಗಿದ್ದರೂ ಗುರುವೆಂದೇ ಎಣಿಕೆ. ಹೊಸಬರು ಎಡವುವುದು ಒತ್ತಕ್ಷರದಲ್ಲಿ: 'ಕಣ್ಣು' ಎರಡು ಮಾತ್ರೆಯಲ್ಲ, ಮೂರು, ಒತ್ತಿನ ಹಿಂದಿರುವ 'ಕ' ಗುರು. ಇಲ್ಲಿ ತಪ್ಪಿದರೆ ಮುಂದಿನ ಗಣಗಳೆಲ್ಲ ಜಾರುತ್ತವೆ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು, ಮರೆಯಬೇಡಿ.