ಬಾವು ಇಳಿದರೂ ಸ್ಕೋರ್ ಇಳಿಯದಿದ್ದರೆ

ಸೋಮವಾರಪೇಟೆಯಿಂದ ಕೇಳಿದ್ದೀರಿ: ಅಮ್ಮನ ರುಮಟಾಯ್ಡ್ ಸಂಧಿವಾತದಲ್ಲಿ ಬಾವು, ಇಎಸ್‌ಆರ್ (ರಕ್ತದಲ್ಲಿ ಉರಿಯೂತ ತೋರಿಸುವ ಪರೀಕ್ಷೆ) ಎರಡೂ ಇಳಿದಿವೆ, ರೋಗದ ತೀವ್ರತೆ ಅಳೆಯುವ ಡಿಎಎಸ್-28 ಸ್ಕೋರ್ ಮಾತ್ರ ಇಳಿದಿಲ್ಲ, ಅವರು ಮಂಕಾಗಿ ಕೂತಿರುತ್ತಾರೆ ಅಂತ.

ಆ ಸ್ಕೋರಿನ ನಾಲ್ಕು ಭಾಗಗಳನ್ನು ವೈದ್ಯರ ಹತ್ತಿರ ಬಿಡಿಬಿಡಿಯಾಗಿ ಕೇಳಿ. ಬಾತ ಕೀಲುಗಳ ಲೆಕ್ಕ, ಇಎಸ್‌ಆರ್ ಎರಡು ಭಾಗ. ಉಳಿದವು ಒತ್ತಿದಾಗ ನೋಯುವ ಕೀಲುಗಳ ಲೆಕ್ಕ, ತನ್ನ ಸ್ಥಿತಿಗೆ 0ರಿಂದ 100ರೊಳಗೆ ಅಮ್ಮನೇ ಕೊಡುವ ಅಂಕ, ಇವೆರಡೂ ಖಿನ್ನತೆಯಿದ್ದರೆ ಏರಬಹುದು. ನೋವು ನಿಜವೇ, ನಾಟಕವಲ್ಲ. ಆದರೆ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್ ಹೆಚ್ಚಿಸಿದರೂ ಆ ನೋವು ಇಳಿಯದೇ ಹೋಗಬಹುದು. ಹಾಗಂತ ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡು ಖಿನ್ನತೆ ಅಳೆಯುವ ಪ್ರಶ್ನಾವಳಿಯಾದ ಪಿಎಚ್‌ಕ್ಯು-9 ಮಾಡಿಸಿ. ಒಂಬತ್ತೇ ಪ್ರಶ್ನೆ, 27ಕ್ಕೆ 10 ಅಥವಾ ಹೆಚ್ಚು ಬಂದರೆ ಕಡೆಗಣಿಸಬೇಡಿ. ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ, ಕೆಲವು ಖಿನ್ನತೆಯ ಔಷಧಿಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯವಿದೆ.

ಮನೆಯಲ್ಲಿ 'ನೀನೇನೂ ಮಾಡ್ಬೇಡಮ್ಮ' ಅನ್ನುವುದೇ ಆತ್ಮವಿಶ್ವಾಸ ತಿನ್ನುತ್ತದೆ. ಬೆಳಗಿನ ಬಿಗಿತ ಬಿಟ್ಟ ಮೇಲೆ ನಾಲ್ಕೈದು ಕಡಂಬುಟ್ಟಿನ (ಅಕ್ಕಿ ಕಡುಬು) ಉಂಡೆ ಕಟ್ಟಲಿ, ಸಾಕು. ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವುದು ಬೇಡ, ಮಣಿಕಟ್ಟಿಗೆ ಭಾರ. ಆರಾಮಿದ್ದ ದಿನ ಎಲ್ಲ ಕೆಲಸ ಮುಗಿಸಹೋಗಿ ಮರುದಿನ ಮಲಗಿಬಿಟ್ಟರೆ 'ನನ್ನ ಕೈಲಾಗಲ್ಲ' ಅನ್ನೋದು ಮತ್ತಷ್ಟು ಗಟ್ಟಿಯಾಗುತ್ತದೆ.

ಬದುಕೇ ಬೇಡ ಎಂಬ ಮಾತು ಬಂದರೆ ಕಾಯಬೇಡಿ, ಅಂದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.